ಬಳಸಿದ ಕೋವಿಯ ಬೆಲೆ

ಮನುಷ್ಯನು ಬಹುಕಾಲ ತನ್ನ ಕೈಯಲ್ಲಿದ್ದ ಪದಾರ್ಥಕ್ಕೆ ತಾನೇ ಬೆಲೆ ಕಟ್ಟುವುದು ತನ್ನ ಮಗನ ಯೋಗ್ಯತೆಗೆ ತಾನೇ ಪ್ರಮಾಣಪತ್ರ ಬರೆದಂತೆ. ಬರೆದವನು ಸುಳ್ಳುಗಾರನಲ್ಲದಿದ್ದರೂ ಓದುವವನು ಪೂರ್ತಿಯಾಗಿ ನಂಬಲಾರನು. ಅಮೆರಿಕದಲ್ಲಿ ಅಜ್ಜನ ಬೇಟೆಯ ರೈಫಲ್ಲನ್ನು ಅಂತರ್ಜಾಲದ ಹರಾಜಿಗೆ ಇಡಲು ಹೊರಟ ಮೊಮ್ಮಗನು ಎದುರಿಸುವ ಸಂಕಟ ಇದೇ. 1999ರಲ್ಲಿ ಇಬೇ ತಾಣವು ಬಂದೂಕುಗಳ ಮಾರಾಟವನ್ನು ನಿಷೇಧಿಸಿತು. ಅದೇ ವರ್ಷ ಗನ್‌ಬ್ರೋಕರ್ ಎಂಬ ಪ್ರತ್ಯೇಕ ಹರಾಜು ತಾಣ ಹುಟ್ಟಿಕೊಂಡಿತು. ಅಂದಿನಿಂದ ಊರಿನ ಅಂಗಡಿಕಾರನೊಬ್ಬನ ಮರ್ಜಿಯಲ್ಲಿದ್ದ ಬೆಲೆಯು ದೇಶದ ನಾನಾ ಮೂಲೆಗಳ ಅಪರಿಚಿತರ ಪೈಪೋಟಿಗೆ ಒಳಪಟ್ಟಿದೆ. ಈ ಪದ್ಧತಿಯ ಗುಣವೇನು, ದೋಷವೇನು ಎಂಬುದು ಇಲ್ಲಿಯ ವಿಚಾರ.

ಉದಾಹರಣೆಗೆ ವಿಂಚೆಸ್ಟರ್ ಕಂಪನಿಯ 70ನೆಯ ಮಾದರಿಯನ್ನೇ ತೆಗೆದುಕೊಳ್ಳೋಣ. ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಿಂದ 1936ರಲ್ಲಿ ಪೇಟೆಗೆ ಬಂದ ಈ ರೈಫಲ್ಲು, ತೋಟಾದ ಬುಡವನ್ನು ಉಗುರಿನಂತೆ ಕಚ್ಚಿ ಹಿಡಿದು ನಳಿಗೆಗೆ ಒಯ್ಯುವ ಉಕ್ಕಿನ ಕೊಕ್ಕೆಗೂ, ಕೈಯಿಂದ ಕೆತ್ತಿದ ಮರದ ಹಿಡಿಗೂ ಹೆಸರಾಗಿತ್ತು. 1964ರಲ್ಲಿ ತಯಾರಿಕೆಯ ಖರ್ಚನ್ನು ಇಳಿಸಬೇಕೆಂದು ಕಂಪನಿಯು ಆ ಕೊಕ್ಕೆಯನ್ನು ಕೈಬಿಟ್ಟು, ಕೆತ್ತನೆಗೆ ಬದಲಾಗಿ ಮರದ ಮೇಲೆ ಅಚ್ಚೊತ್ತಿತು. ಬೇಟೆಗಾರರು ಇದನ್ನು ಕ್ಷಮಿಸಲಿಲ್ಲ. ‘ಅರವತ್ನಾಲ್ಕಕ್ಕೆ ಮೊದಲಿನದು’ ಎಂಬ ಮಾತು ಅಂದಿನಿಂದ ವ್ಯಾಪಾರದಲ್ಲಿ ಒಂದು ಬಿರುದೇ ಆಗಿ ನಿಂತಿತು. 1992ರಲ್ಲಿ ಕಂಪನಿಯೇ ಹಳೆಯ ಕೊಕ್ಕೆಯನ್ನು ಮರಳಿ ತಂದರೂ ಆ ಬಿರುದು ಹೊಸದಕ್ಕೆ ದಕ್ಕಲಿಲ್ಲ. ಆದರೆ ಬಿರುದು ಕಂಡೊಡನೆ ಬೆಲೆ ಏರಿಸುವವನು ಮೋಸಹೋಗುತ್ತಾನೆ. ಆ ಕಾಲದ ರೈಫಲ್ಲುಗಳು ಸುಮಾರು 5,80,000, ಅವುಗಳಲ್ಲಿ .30-06 ಮತ್ತು .270 ತೋಟಾದವು ಹೇರಳವಾಗಿರುವುದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ಅವು ವಿರಳವಾಗಲಾರವು.

ಬೆಲೆಯನ್ನು ನಿಜವಾಗಿ ನಿರ್ಣಯಿಸುವುದು ಅವಸ್ಥೆ. ಅಮೆರಿಕದ ವ್ಯಾಪಾರಿಗಳು ನೆಚ್ಚಿಕೊಂಡಿರುವ ‘ಬ್ಲೂ ಬುಕ್’ ಎಂಬ ದರಗ್ರಂಥವು ಕಾರ್ಖಾನೆಯ ಮೂಲ ಲೇಪ ಶೇಕಡ ಎಷ್ಟು ಉಳಿದಿದೆಯೆಂಬ ಲೆಕ್ಕದಿಂದ ಮೌಲ್ಯವನ್ನು ಇಳಿಸುತ್ತ ಹೋಗುತ್ತದೆ. ಇಂತಹ ರೈಫಲ್ಲನ್ನು ಬೆಳಕಿನಲ್ಲಿ ಹಿಡಿದು ನೋಡಿದರೆ ಅದರ ಜೀವನಚರಿತ್ರೆಯೇ ಮೈಮೇಲೆ ಬರೆದಿರುತ್ತದೆ. ಬೇಟೆಗಾರನು ಒಂದೇ ಕೈಯಲ್ಲಿ ಸಮತೂಕವಾಗಿ ಹಿಡಿದು ನಡೆಯುವ ಕಡೆ, ತೋಟಾಗೂಡಿನ ತಳದ ತಗಡಿನ ಮೇಲೆ, ಉಕ್ಕಿನ ನೀಲಿಗಪ್ಪು ಬಣ್ಣ ಸವೆದು ಬೂದುಬೆಳ್ಳಿಯ ಹೊಳಪು ಕಾಣುತ್ತದೆ. ನಳಿಗೆಯ ಬಾಯಂಚಿನಲ್ಲಿಯೂ ಹಾಗೆಯೇ. ಸ್ಕ್ರೂಗಳ ತಲೆಯ ಸೀಳು ನಜ್ಜುಗುಜ್ಜಾಗಿದ್ದರೆ ಯಾರೋ ಅರೆನಿಪುಣನು ಒಳಗೆ ಕೈಯಾಡಿಸಿದ್ದಾನೆಂದು ತಿಳಿಯಬೇಕು. ದುರ್ಬೀನು ಕೂರಿಸಲು ಕೊರೆದ ಹೆಚ್ಚಿನ ರಂಧ್ರ, ಹೆಗಲಿಗೆ ನೋವಾಗದಿರಲೆಂದು ಮರವನ್ನು ಕೊಯ್ದು ಅಂಟಿಸಿದ ರಬ್ಬರಿನ ಮೆತ್ತೆ, ಅಂದಗಾಣಲೆಂದು ಮತ್ತೊಮ್ಮೆ ಹಾಕಿಸಿದ ಲೇಪ, ಈ ಮೂರೂ ಮಾಲೀಕನ ಕಣ್ಣಿಗೆ ಸುಧಾರಣೆಗಳು. ಸಂಗ್ರಾಹಕನ ಕಣ್ಣಿಗೆ ಗಾಯಗಳು.

ನಮ್ಮ ಆಕ್ಷೇಪ ಇಲ್ಲಿಯೇ ಹುಟ್ಟುತ್ತದೆ. ಕಾಡು ಬೆಟ್ಟಗಳನ್ನು ಅಲೆದು, ಮಳೆಯಲ್ಲಿ ನೆನೆದು, ಒಡೆಯನ ಕಣ್ಣಿಗೂ ಹೆಗಲಿಗೂ ಒಗ್ಗಿ, ಗುರಿ ತಪ್ಪದೆ ದುಡಿದ ರೈಫಲ್ಲಿಗಿಂತ, ಪೆಟ್ಟಿಗೆಯಿಂದ ಹೊರಗೆ ಬಾರದೆ ಎಣ್ಣೆಯ ಬಟ್ಟೆಯಲ್ಲಿ ಮಲಗಿದ್ದ ರೈಫಲ್ಲಿಗೆ ಹೆಚ್ಚಿನ ಹಣ ದೊರೆಯುತ್ತದೆ. ಉಪಯೋಗಕ್ಕಾಗಿ ಹುಟ್ಟಿದ ವಸ್ತುವಿನ ವಿಷಯದಲ್ಲಿ ನಿರುಪಯೋಗವೇ ಸದ್ಗುಣವಾಗುವುದು ವಿಚಿತ್ರ. ಹರಾಜಿನ ಛಾಯಾಚಿತ್ರವು ಈ ವೈಚಿತ್ರ್ಯವನ್ನು ಹೆಚ್ಚಿಸುತ್ತದೆ. ಏಕೆಂದರೆ ಅದು ಗೀರನ್ನು ಸ್ಪಷ್ಟವಾಗಿ ತೋರಿಸುತ್ತದೆಯೇ ಹೊರತು, ಬೋಲ್ಟು ಎಷ್ಟು ನುಣುಪಾಗಿ ಸರಿಯುತ್ತದೆ, ಗುಂಡು ಎಲ್ಲಿಗೆ ತಗಲುತ್ತದೆ ಎಂಬುದನ್ನು ತೋರಿಸಲಾರದು.

ಆದರೂ ಈ ಪದ್ಧತಿಗೆ ಒಂದು ಮಹದ್ಗುಣವಿದೆ: ಅದು ಕೇಳಿದ ಬೆಲೆಯನ್ನೂ ಕೊಟ್ಟ ಬೆಲೆಯನ್ನೂ ಬೇರ್ಪಡಿಸಿ ತೋರಿಸುತ್ತದೆ. ಮಾರುವವನ ಆಸೆಗೆ ಮಿತಿಯಿಲ್ಲ. 1990ರಲ್ಲಿ ಕಾನಮನ್, ಕ್ನೆಟ್ಷ್, ಥೇಲರ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗದಲ್ಲಿ, ಸಾಮಾನ್ಯವಾದೊಂದು ಕಾಫಿ ಲೋಟವನ್ನು ಆಗತಾನೆ ಉಚಿತವಾಗಿ ಪಡೆದವರು ಅದನ್ನು ಬಿಟ್ಟುಕೊಡಲು, ಪಡೆಯದವರು ಕೊಡಲೊಪ್ಪಿದ ಹಣದ ಸುಮಾರು ಎರಡರಷ್ಟು ಕೇಳಿದರು. ಗಳಿಗೆ ಹೊತ್ತು ಕೈಯಲ್ಲಿದ್ದ ಲೋಟದ ಗತಿ ಇದಾದರೆ, ಅಜ್ಜನ ಕೋವಿಯ ಮಾತೇನು! ತತ್ಕಾರಣ ವಿವೇಕಿಯಾದ ಮಾರಾಟಗಾರನು ಇನ್ನೂ ಬಿಕರಿಯಾಗದೆ ತೂಗಾಡುತ್ತಿರುವ ಜಾಹೀರಾತುಗಳನ್ನು ನೋಡದೆ, ಮುಗಿದ ಹರಾಜುಗಳನ್ನು ಮಾತ್ರ ನೋಡತಕ್ಕದ್ದು. ಮಾತಿಗೆ, ತನ್ನಂತಹುದೇ ಐದು ರೈಫಲ್ಲುಗಳು 900, 1,050, 1,100, 1,150 ಮತ್ತು 1,900 ಡಾಲರುಗಳಿಗೆ ಹೋಗಿದ್ದರೆ, ಅವನ ಬೆಲೆ ನಡುವಿನ 1,100ರ ಆಸುಪಾಸಿನದೇ. 1,900 ತಂದದ್ದು ಬಹುಶಃ ಬೇರೆ ತೋಟಾದ್ದೋ, ಮೂಲ ಪೆಟ್ಟಿಗೆಯೊಡನೆ ಬಂದದ್ದೋ ಆಗಿರುತ್ತದೆ. ಆ 1,100ರಲ್ಲಿಯೂ ತಾಣದ ಕಮಿಷನ್ನನ್ನು ಕಳೆಯಬೇಕು. ಕೊಳ್ಳುವವನಾದರೋ ಸಾಗಣೆಯ ವೆಚ್ಚವನ್ನೂ, ಲೈಸೆನ್ಸುಳ್ಳ ವ್ಯಾಪಾರಿಯ ಶುಲ್ಕವನ್ನೂ ಮನಸ್ಸಿನಲ್ಲಿಯೇ ಕೂಡಿಕೊಂಡು ಸವಾಲು ಹಾಕುತ್ತಾನೆ. 1968ರ ಬಂದೂಕು ಕಾಯಿದೆಯ ಪ್ರಕಾರ ಬೇರೆ ಸಂಸ್ಥಾನದವನಿಗೆ ಮಾರಿದ ರೈಫಲ್ಲು ಸಾಮಾನ್ಯವಾಗಿ ಅಂತಹ ವ್ಯಾಪಾರಿಯ ಮೂಲಕವೇ ಕೈಸೇರಬೇಕಷ್ಟೆ.

ಇನ್ನು ಆರಂಭದ ಬೆಲೆ. ಬಹುಮಂದಿ ಅದನ್ನು ಎತ್ತರದಲ್ಲಿಟ್ಟು, ಅದರ ಮೇಲೆ ಗುಪ್ತವಾದ ಕನಿಷ್ಠ ದರವೊಂದನ್ನು ಕಾವಲಿಗೆ ನಿಲ್ಲಿಸುತ್ತಾರೆ. ಇದು ಭಯದ ಲಕ್ಷಣ. ಕದವಿಕ್ಕಿಕೊಂಡು ಅತಿಥಿಗಳನ್ನು ಕರೆಯುವ ರೀತಿ. ಸರ್ವೇಸಾಮಾನ್ಯವಾದ, ಅನೇಕರು ಅರಸುವ ರೈಫಲ್ಲನ್ನು ತಗ್ಗಿನ ಬೆಲೆಯಿಂದ ಧೈರ್ಯವಾಗಿ ಬಿಟ್ಟರೆ, ಒಬ್ಬರನ್ನೊಬ್ಬರು ನೋಡಿ ಸವಾಲುಗಾರರು ಕೂಡುತ್ತಾರೆ. ಕೊನೆಯ ಹದಿನೈದು ನಿಮಿಷಗಳಲ್ಲಿ ಹೊಸ ಸವಾಲು ಬಂದರೆ ಹರಾಜು ಮುಂದುವರಿಯುವ ನಿಯಮವು ಗನ್‌ಬ್ರೋಕರ್ ತಾಣದಲ್ಲಿರುವುದರಿಂದ, ಕಡೆಯ ಕ್ಷಣದಲ್ಲಿ ಹೊಂಚಿ ಕಸಿದುಕೊಳ್ಳುವ ಉಪಾಯವೂ ಅಲ್ಲಿ ನಡೆಯದು. ಆದರೆ ಕೊಳ್ಳುವವರು ಇಬ್ಬರೋ ಮೂವರೋ ಇರುವ ಅಪೂರ್ವ ವಸ್ತುವಿಗೆ ಈ ಧೈರ್ಯ ಸಲ್ಲದು. ಅವರು ಆ ವಾರ ಪ್ರವಾಸದಲ್ಲಿದ್ದರೆ ವಸ್ತುವು ಮಣ್ಣಿನ ಬೆಲೆಗೆ ಹೋದೀತು. ಅಲ್ಲಿ ಮಾತ್ರ ಕಾವಲು ನ್ಯಾಯ.

ವಂಶಕಥೆಗಳ ಬೆಲೆಯನ್ನು ಕುರಿತು ಒಂದು ಮಾತು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದ .275 ರಿಗ್ಬಿ ರೈಫಲ್ಲಿನ ಹಿಡಿಯಲ್ಲಿ ಆ ಸಂಗತಿಯನ್ನು ಸಾರುವ ಬೆಳ್ಳಿಯ ಫಲಕವಿದೆ. 2015ರಲ್ಲಿ ರಿಗ್ಬಿ ಕಂಪನಿಯೇ ಅದನ್ನು ಕೊಂಡುಕೊಂಡಿತು. ನಮ್ಮ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನರು ಬಳಸಿದ್ದು .405 ತೋಟಾದ ವಿಂಚೆಸ್ಟರ್, 1895ರ ಮಾದರಿ. ಅಂತಹುದೇ ಇನ್ನೊಂದನ್ನು ತಂದು ‘ಇದೂ ಹುಲಿ ಹೊಡೆದದ್ದು’ ಎಂದರೆ ಕಾಸೂ ಹೆಚ್ಚಾಗದು. ಕಥೆಗೆ ಬೆಲೆಯಿಲ್ಲ, ಕಥೆಯ ದಾಖಲೆಗೆ ಬೆಲೆ. ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದು ಹಬ್ಬದ ದಿನ ತೋಕ್ ಪೂ ಎಂಬ ಹೂವನ್ನು ಮುಡಿದು ಪೂಜೆಗೊಳ್ಳುವ ಕೋವಿಯನ್ನು ಕಂಡವರಿಗೆ, ಹರಾಜಿನ ತಕ್ಕಡಿಯಲ್ಲಿ ತೂಗಲಾಗದ ಮೌಲ್ಯವೊಂದುಂಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಟ್ಟಿನಲ್ಲಿ, ಅಂತರ್ಜಾಲದ ಹರಾಜು ಬೆಲೆಯನ್ನು ಅರಿಯಲು ಉತ್ತಮ ಸಾಧನ, ಯೋಗ್ಯತೆಯನ್ನು ಅರಿಯಲು ಅಧಮ ಸಾಧನ. ಈ ಕೊರತೆಯನ್ನು ತುಂಬಬಲ್ಲವನು ಮಾರುವವನೊಬ್ಬನೇ: ಸವೆತವನ್ನೂ ರಂಧ್ರವನ್ನೂ ತಾನೇ ಮೊದಲು ಹೇಳಿ, ನಳಿಗೆಯೊಳಗಿನ ಸುರುಳಿಗೀರುಗಳ ಸ್ಥಿತಿಯನ್ನು ತಿಳಿಸಿ, ಗುರಿಹಲಗೆಯ ಚಿತ್ರವನ್ನು ಲಗತ್ತಿಸಿದವನ ವಿವರಣೆಯು ಅಪರಿಚಿತನ ಅನುಮಾನವನ್ನು ಕಳೆಯುತ್ತದೆ, ಅನುಮಾನ ಕಳೆದಷ್ಟೂ ಸವಾಲು ಏರುತ್ತದೆ. ಮಾರಲು ಮನಸ್ಸಿಲ್ಲದವನು ಮಾತ್ರ ಹರಾಜಿಗೆ ಹೋಗಬಾರದು. ಅವನ ಅಜ್ಜನ ನೆನಪಿಗೆ ಪರರು ಹಣ ಕೊಡುವುದಿಲ್ಲ, ಕೊಡಬೇಕಾದ್ದೂ ಇಲ್ಲ.