ಸೂರ್ಯ ಬೆನ್ನ ಹಿಂದಿರುವ ತೀರ

ಕಡಲ ತೀರಕ್ಕೆ ಹೋಗಿ ಬಂದವರ ಮೊಬೈಲಿನಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಕೆಂಪಾದ ಆಕಾಶ, ನೀರಿಗಿಳಿಯುತ್ತಿರುವ ಸೂರ್ಯ, ಅದರ ಮುಂದೆ ಕಪ್ಪು ಆಕೃತಿಯಾಗಿ ನಿಂತ ಒಬ್ಬ ಮನುಷ್ಯ. ಆತ ಯಾರ ಅಪ್ಪನೋ, ಬಲೆ ಎಳೆಯುವವನೋ, ಕಡಲೆ ಮಾರುವವನೋ ತಿಳಿಯುವುದಿಲ್ಲ. ತಿಳಿಯದಿರುವುದೇ ಆ ಚಿತ್ರದ ಚೆಲುವು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಮಲ್ಪೆ, ಪಣಂಬೂರು, ಕಾರವಾರಗಳಿಗೆ ರಜೆಯಲ್ಲಿ ಹೋಗಿ ಬರುವ ಕನ್ನಡದ ಕಣ್ಣಿಗೆ ಕಡಲಿನ ಫೋಟೊ ಎಂದರೆ ಇದೇ. ಕ್ಯಾಲೆಂಡರಿನಲ್ಲಿ, ಕವನ ಸಂಕಲನದ ರಕ್ಷಾಪುಟದಲ್ಲಿ, ಈಗ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇವೆ.

ಈ ಚಿತ್ರವನ್ನು ನಮಗೆ ಕೊಟ್ಟದ್ದು ಕಲೆಗಿಂತ ಮೊದಲು ಭೂಗೋಳ. ಅರಬ್ಬೀ ಸಮುದ್ರ ನಮ್ಮ ಪಶ್ಚಿಮಕ್ಕಿದೆ. ಜನ ತೀರಕ್ಕೆ ಬರುವುದು ಸಂಜೆ, ಸೂರ್ಯ ಕಡಲಿಗೆ ಇಳಿಯುವುದೂ ಸಂಜೆ. ಕ್ಯಾಮೆರಾ ಬೆಳಕಿಗೆ ಎದುರಾಗಿ ನಿಲ್ಲುತ್ತದೆ. ಆಕಾಶದ ಬಣ್ಣ ಉಳಿಸಿಕೊಳ್ಳಲು ಹೊರಟರೆ ಮನುಷ್ಯರು ಕಪ್ಪಾಗುತ್ತಾರೆ. ಫಿಲ್ಮ್ ಕಾಲದಲ್ಲಿ ಇದು ಹೆಚ್ಚುಕಡಿಮೆ ಅನಿವಾರ್ಯವಾಗಿತ್ತು. ಅಷ್ಟು ಬೆಳಕು, ಅಷ್ಟು ನೆರಳು ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಶಕ್ತಿ ಫಿಲ್ಮಿಗಿರಲಿಲ್ಲ. ಈಗ ಹಾಗಿಲ್ಲ. ಮೊಬೈಲು ಒಂದು ಸಲ ಒತ್ತಿದರೆ ಹಲವು ಚಿತ್ರ ತೆಗೆದು, ಬೆಳಕಿನ ಭಾಗ ಒಂದರಿಂದ, ನೆರಳಿನ ಭಾಗ ಇನ್ನೊಂದರಿಂದ ಹೆಕ್ಕಿ ಜೋಡಿಸಿಕೊಡುತ್ತದೆ. ಮುಖಗಳನ್ನು ತಾನಾಗಿಯೇ ಬೆಳಗಿಸುತ್ತದೆ. ಇಂದು ನೆರಳಾಕೃತಿ ಬೇಕೆಂದರೆ ಪರದೆಯ ಮೇಲೆ ಆಕಾಶವನ್ನು ಮುಟ್ಟಿ, ಬೆರಳಿನಿಂದ ಬೆಳಕನ್ನು ಕೆಳಗೆಳೆಯಬೇಕು. ಅಂದರೆ ಮುಖವನ್ನು ಅಳಿಸುವುದು ಈಗ ಯಂತ್ರದ ಮಿತಿಯಾಗಿ ಉಳಿದಿಲ್ಲ, ನಮ್ಮ ಆಯ್ಕೆಯಾಗಿದೆ. ಆಯ್ಕೆ ಎಂದ ಮೇಲೆ ಅದನ್ನು ವಿಮರ್ಶಿಸಬಹುದು.

ಪ್ರವಾಸಿಗೆ ನೆರಳಾಕೃತಿಯಿಂದ ಒಂದು ದೊಡ್ಡ ಅನುಕೂಲವಿದೆ. ಯಾರನ್ನೂ ಕೇಳಬೇಕಾಗಿಲ್ಲ. ಪರ ಊರು, ತಿಳಿಯದ ಭಾಷೆ, ಮುಜುಗರ ಎಲ್ಲವೂ ಕಪ್ಪಿನೊಳಗೆ ಮುಚ್ಚಿಹೋಗುತ್ತವೆ. ಎದುರಿಗಿರುವವನು ವ್ಯಕ್ತಿಯಾಗದೆ ‘ಮನುಷ್ಯ ಮತ್ತು ಪ್ರಕೃತಿ’ ಎಂಬ ರೂಪಕವಾಗುತ್ತಾನೆ. ಹಳ್ಳಿಯಾಚೆಯ ನಿರ್ಜನ ತೀರದಲ್ಲಿ ಇದು ಸಲ್ಲಬಹುದೇನೋ. ನಗರದ ತೀರದಲ್ಲಿ ಮಾತ್ರ ಇದು ಸುಳ್ಳಾಗುತ್ತದೆ. ಏಕೆಂದರೆ ನಗರದ ತೀರ ಮೊದಲು ನಗರ, ಆಮೇಲೆ ತೀರ.

ಇದನ್ನು ಪರೀಕ್ಷಿಸಲು ಚೆನ್ನೈನ ಮರೀನಾಕ್ಕಿಂತ ಒಳ್ಳೆಯ ಜಾಗ ನಮಗೆ ಹತ್ತಿರದಲ್ಲಿ ಇಲ್ಲ. ಅಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ, ಊರಿನ ಹಿಂದೆ ಮುಳುಗುತ್ತಾನೆ. ಸಂಜೆ ಜನ ತುಂಬುವ ಹೊತ್ತಿಗೆ ಬೆಳಕು ಪ್ರೆಸಿಡೆನ್ಸಿ ಕಾಲೇಜು, ವಿಶ್ವವಿದ್ಯಾಲಯದ ಸೆನೆಟ್ ಹೌಸ್‌ಗಳ ಬೆನ್ನಿನ ಕಡೆಯಿಂದ ಬರುತ್ತದೆ. ಸಮುದ್ರದ ಕಡೆಗೆ ಕ್ಯಾಮೆರಾ ಹಿಡಿದರೆ ಸೂರ್ಯ ನಮ್ಮ ಬೆನ್ನಿಗೆ, ಎದುರು ನಿಂತವರ ಮುಖಕ್ಕೆ. ಅವರು ಕಣ್ಣು ಕಿರಿದು ಮಾಡಿ ನಮ್ಮನ್ನೇ ನೋಡುತ್ತಾರೆ. ಪಶ್ಚಿಮ ಕರಾವಳಿಯ ಚಿತ್ರ ಇಲ್ಲಿ ಸಿಗುವುದಿಲ್ಲ. ‘ಮರೀನಾಕ್ಕೆ ಸೂರ್ಯೋದಯಕ್ಕೇ ಹೋಗಿ’ ಎಂದು ಪ್ರವಾಸದ ಬರಹಗಳೆಲ್ಲ ಹೇಳುವುದು ಇದಕ್ಕೇ. ಆಗ ಬೆಳಕು ಎದುರಿಗೆ ಬರುತ್ತದೆ, ಜನವೂ ಕಡಿಮೆ. ಮರೀನಾವನ್ನು ಮರೀನಾ ಆಗಿಸಿದ ಸಂಜೆಯನ್ನು ತಪ್ಪಿಸಿಕೊಳ್ಳಿ ಎಂಬ ಸಲಹೆ ಇದು.

ಆ ಸಂಜೆಯಲ್ಲಿ ಏನಿದೆ? ತೆಂಗಿನಕಾಯಿ, ಮಾವು ಬೆರೆಸಿದ ಬಟಾಣಿ ಸುಂಡಲ್ ಹೊತ್ತು ತಿರುಗುವವರಿದ್ದಾರೆ. ಬಜ್ಜಿ ಕರಿಯುವ ಅಂಗಡಿಗಳು, ಬಲೂನಿಗೆ ಗುರಿ ಇಟ್ಟು ಹೊಡೆಯುವ ಆಟ, ಕೈಯಿಂದ ತಿರುಗಿಸುವ ರಾಟೆ, ಮಕ್ಕಳನ್ನು ಕೂರಿಸಿಕೊಂಡು ಓಡುವ ಕುದುರೆಗಳು ಇವೆ. ನೀರಿನವರೆಗೆ ನಡೆಯುವಷ್ಟರಲ್ಲಿ ಕಾಲು ಸೋಲುವಷ್ಟು ಅಗಲದ ಮರಳಿದೆ. ಆ ಮರಳು ಕೂಡ ‘ಪ್ರಕೃತಿ’ಯ ಕೊಡುಗೆ ಮಾತ್ರವಲ್ಲ. ಇಲ್ಲಿ ಅಲೆಗಳು ವರ್ಷದ ಬಹುಪಾಲು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. 1870ರ ದಶಕದಲ್ಲಿ ಬಂದರಿನ ತಡೆಗೋಡೆ ಕಟ್ಟಲು ಶುರುಮಾಡಿದ ಮೇಲೆ ಆ ಮರಳು ಗೋಡೆಗೆ ತಾಗಿ ದಕ್ಷಿಣದಲ್ಲೇ ಶೇಖರವಾಗತೊಡಗಿತು. ಹಾಗೆ ಬೆಳೆದ ತೀರದುದ್ದಕ್ಕೂ ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ನಡೆದಾಡುವ ದಾರಿ ಮಾಡಿಸಿ ಮರೀನಾ ಎಂದು ಹೆಸರಿಟ್ಟ. ಅದೇ ಗೋಡೆಯ ಉತ್ತರಕ್ಕೆ, ಮರಳು ಬರುವುದು ನಿಂತು, ರಾಯಪುರಂ ಕಡೆಯ ದಡವನ್ನು ಕಡಲು ಕೊರೆಯುತ್ತಾ ಬಂತು. ಒಂದು ಕಡೆಯವರ ವಿಹಾರದ ಮರಳು ಇನ್ನೊಂದು ಕಡೆಯವರ ಮನೆಯ ಅಂಗಳದ್ದು. ಹೀಗಿರುವಾಗ ಮರೀನಾದ ಚಿತ್ರದಿಂದ ನಗರವನ್ನು ಹೊರಗಿಟ್ಟರೆ ಉಳಿಯುವುದಾದರೂ ಏನು?

ಅತಿ ಹೆಚ್ಚು ಫೋಟೊ ತೆಗೆಸಿಕೊಳ್ಳುವ ಅಲ್ಲಿನ ಕೆಲಸಗಾರರು ಕಂಚಿನವರು ಎಂಬುದು ವಿಪರ್ಯಾಸ. ಮದ್ರಾಸಿನ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ದೇವಿಪ್ರಸಾದ್ ರಾಯ್‌ಚೌಧರಿ ಅವರ ‘ಶ್ರಮದ ವಿಜಯ’ ಶಿಲ್ಪ 1959ರಿಂದ ಅಲ್ಲಿ ನಿಂತಿದೆ. ನಾಲ್ವರು ಗಂಡಸರು ಬಂಡೆಯೊಂದನ್ನು ಮೀಟುತ್ತಿದ್ದಾರೆ. ಸೂರ್ಯೋದಯದ ಎದುರು ಕಪ್ಪಾಗಿ ಕಾಣುವ ಈ ಶಿಲ್ಪ ಮರೀನಾದ ಪರಿಚಿತ ಚಿತ್ರಗಳಲ್ಲೊಂದು. ಶಿಲ್ಪಕ್ಕೆ ನೆರಳಾಕೃತಿ ಒಪ್ಪುತ್ತದೆ, ಅದರ ಕಥೆಯೆಲ್ಲ ಮೈಕಟ್ಟಿನಲ್ಲೇ ಇದೆ. ಅದರಾಚೆ ದೋಣಿ ತಳ್ಳುವ ಜೀವಂತ ಮನುಷ್ಯನನ್ನೂ ಶಿಲ್ಪದಂತೆ ತೆಗೆಯುವುದು ಬೇರೆ ಮಾತು. ಅವನಿಗೆ ಮುಖವಿದೆ, ಅವನಿಗೊಂದು ವಿಳಾಸವೂ ಇದೆ.

ಆ ವಿಳಾಸವೇ ಇಲ್ಲಿನ ಜಗಳ. ನೊಚ್ಚಿಕುಪ್ಪಂ, ಅಯೋಧ್ಯಾಕುಪ್ಪಂ, ನಡುಕುಪ್ಪಂಗಳ ಮೀನುಗಾರರಿಗೆ ಮರೀನಾ ವಿಹಾರದ ಜಾಗವಲ್ಲ, ಬಲೆ ಒಣಗಿಸುವ, ದೋಣಿ ನಿಲ್ಲಿಸುವ, ಮೀನು ಮಾರುವ ಅಂಗಳ. 1985ರಲ್ಲಿ ತೀರವನ್ನು ಸುಂದರಗೊಳಿಸುವ ಯೋಜನೆಯ ಹೆಸರಿನಲ್ಲಿ ಅವರ ಕಟ್ಟುಮರ, ಬಲೆಗಳನ್ನು ತೆರವು ಮಾಡಿಸಿದಾಗ ಪ್ರತಿಭಟನೆ ನಡೆದು, ಪೊಲೀಸರ ಗುಂಡಿಗೆ ಮೀನುಗಾರರು ಸತ್ತರು. 2023ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಮರೀನಾ ಲೂಪ್ ರಸ್ತೆಯ ಮೀನಂಗಡಿಗಳ ವಿಚಾರವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಂಗಡಿಗಳನ್ನು ತೆಗೆಸಲು ಪಾಲಿಕೆ ಬಂದಾಗ ಮೀನುಗಾರರು ರಸ್ತೆಗಿಳಿದರು. ಆಮೇಲೆ ನೊಚ್ಚಿಕುಪ್ಪಂನಲ್ಲಿ ಮಾರುಕಟ್ಟೆಯ ಕಟ್ಟಡ ಎದ್ದಿತು. ಯಾವ ಪ್ರವಾಸಿಯ ಫೋಟೊ ಕೂಡ ಇದಕ್ಕೆ ಕಾರಣವಲ್ಲ. ಆದರೆ ‘ಸುಂದರ ತೀರ’ ಎಂದರೆ ಏನೂ ಇಲ್ಲದ, ಯಾರೂ ಇಲ್ಲದ ತೀರ ಎಂಬ ಕಲ್ಪನೆ ಎಲ್ಲಿಂದಲೋ ಬಂದಿರಬೇಕಲ್ಲ? ಬಲೆ, ಬುಟ್ಟಿ, ಮೀನಿನ ವಾಸನೆ ಇವೆಲ್ಲ ನೋಟಕ್ಕೆ ಅಡ್ಡ ಎಂದು ಕಣ್ಣಿಗೆ ಕಲಿಸಿದ್ದರಲ್ಲಿ ಸಾವಿರಾರು ಚೊಕ್ಕ ಫೋಟೊಗಳ ಪಾಲೂ ಇದೆ. ಚೌಕಟ್ಟಿನಿಂದ ಹೊರಗಿಡುವ ಅಭ್ಯಾಸಕ್ಕೂ ತೀರದಿಂದ ಹೊರಗಿಡುವ ಯೋಜನೆಗೂ ನಂಟಿಲ್ಲವೆಂದು ಹೇಳುವುದು ಕಷ್ಟ.

ಹಾಗಾದರೆ ಮುಖ ತೋರಿಸಿಬಿಟ್ಟರೆ ಸಾಕೇ? ಇಲ್ಲಿ ಇಂಗ್ಲೆಂಡಿನ ಒಂದು ಪುಸ್ತಕವನ್ನು ನೆನೆಯಬೇಕು. ಮಾರ್ಟಿನ್ ಪಾರ್ 1983ರಿಂದ 1985ರವರೆಗೆ ಲಿವರ್‌ಪೂಲ್ ನಗರದೆದುರು, ನದಿಯಾಚೆ ಇರುವ ನ್ಯೂ ಬ್ರೈಟನ್ ತೀರದಲ್ಲಿ ಚಿತ್ರ ತೆಗೆದು, 1986ರಲ್ಲಿ ‘ದ ಲಾಸ್ಟ್ ರಿಸಾರ್ಟ್’ ಎಂಬ ಪುಸ್ತಕ ತಂದರು. ಹಗಲಿನಲ್ಲೂ ಫ್ಲಾಷ್ ಬಳಸುವುದು ಅವರ ಕ್ರಮ. ಸೂರ್ಯ ಎಲ್ಲೇ ಇರಲಿ, ಮುಖ ಕಪ್ಪಾಗಲು ಅವರು ಬಿಡುವುದಿಲ್ಲ. ತುಂಬಿ ಚೆಲ್ಲಿದ ಕಸದ ಬುಟ್ಟಿಯ ಪಕ್ಕದಲ್ಲೇ ತಿನ್ನುವ ಜನ, ಕೈಮೇಲೆ ಕರಗುವ ಐಸ್‌ಕ್ರೀಮು, ಮಣ್ಣೆತ್ತುವ ಯಂತ್ರದ ಬುಡದಲ್ಲಿ ಸಿಮೆಂಟಿನ ಮೇಲೆ ಮಲಗಿ ಬಿಸಿಲು ಕಾಯಿಸುವ ತಾಯಿ. ಈ ಚಿತ್ರಗಳನ್ನು ಲಿವರ್‌ಪೂಲಿನಲ್ಲಿ ತೋರಿಸಿದಾಗ ಯಾರೂ ಬೆಚ್ಚಲಿಲ್ಲ, ಲಂಡನ್ನಿನಲ್ಲಿ ತೋರಿಸಿದಾಗ ಗದ್ದಲವಾಯಿತು ಎಂದು ಪಾರ್ ಹೇಳುತ್ತಿದ್ದರು. ಮಧ್ಯಮ ವರ್ಗದವನೊಬ್ಬ ದುಡಿಯುವ ಜನರನ್ನು ಹಾಸ್ಯ ಮಾಡುತ್ತಿದ್ದಾನೆ ಎಂಬುದು ಆಕ್ಷೇಪ.

ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾಗದು. ಪಾರ್ ಅವರ ಫ್ಲಾಷ್ ಕೆಲವೊಮ್ಮೆ ಜನರನ್ನು ಹಿಡಿದು ನಿಲ್ಲಿಸಿದಂತೆ ಇರುತ್ತದೆ. ಆದರೆ ಆ ಚಿತ್ರಗಳನ್ನು ತಾಳ್ಮೆಯಿಂದ ನೋಡಿದರೆ ಇನ್ನೊಂದು ಕಾಣುತ್ತದೆ. ಕಸ ತೆಗೆಯಬೇಕಾದವರು ತೆಗೆದಿಲ್ಲ, ಜಾಗವನ್ನು ಕಾಪಾಡಬೇಕಾದವರು ಕೈಬಿಟ್ಟಿದ್ದಾರೆ. ಅದರ ನಡುವೆಯೂ ತಾಯಂದಿರು ಮಕ್ಕಳಿಗೆ ಬಟ್ಟೆ ಬದಲಿಸುತ್ತಾರೆ, ತಿನ್ನಿಸುತ್ತಾರೆ, ಒಂದು ದಿನದ ರಜೆಯನ್ನು ರಜೆಯಾಗಿಯೇ ಕಳೆಯುತ್ತಾರೆ. ಲಂಡನ್ನಿನ ವಿಮರ್ಶಕರಿಗೆ ಕಂಡದ್ದು ಕಸ. ಚಿತ್ರದಲ್ಲಿ ಕಸದಷ್ಟೇ ಸ್ಪಷ್ಟವಾಗಿ ಆ ಛಲವೂ ಇದೆ. ಬಡವರ ತೀರವನ್ನು ಚೊಕ್ಕಗೊಳಿಸಿ ತೋರಿಸುವುದು ಮರ್ಯಾದೆ ಎಂದುಕೊಳ್ಳುವವರು, ಆ ಚೊಕ್ಕತನಕ್ಕಾಗಿ ಯಾರು ಜಾಗ ಬಿಡಬೇಕಾಗುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಅದೇ ನ್ಯೂ ಬ್ರೈಟನ್ನಿನಲ್ಲಿ ಟಾಮ್ ವುಡ್ ಎಂಬ ಇನ್ನೊಬ್ಬ ಛಾಯಾಗ್ರಾಹಕರು ದಶಕಗಳ ಕಾಲ ನೆಲೆಸಿ ಚಿತ್ರ ತೆಗೆದರು. ಊರಿನ ಮಕ್ಕಳು ಅವರನ್ನು ‘ಫೋಟಿ ಮ್ಯಾನ್’ ಎಂದು ಕರೆಯುತ್ತಿದ್ದರು. ಅವರ ಚಿತ್ರಗಳಲ್ಲಿ ಜನ ಕ್ಯಾಮೆರಾವನ್ನು ನೋಡುವ ರೀತಿಯೇ ಬೇರೆ, ಪರಿಚಯದವನನ್ನು ನೋಡುವ ರೀತಿ ಅದು. ಪ್ರವಾಸಿಗೆ ದಶಕಗಳಿಲ್ಲ, ಎರಡು ದಿನವಿದೆ. ಆದ್ದರಿಂದ ಟಾಮ್ ವುಡ್ ಆಗಿ ಎಂದು ಪ್ರವಾಸಿಗೆ ಉಪದೇಶಿಸುವುದು ಅರ್ಥಹೀನ. ಎರಡು ದಿನದಲ್ಲೂ ಸಾಧ್ಯವಾಗುವ ಪ್ರಾಮಾಣಿಕತೆ ಯಾವುದು ಎಂಬುದು ನಿಜವಾದ ಪ್ರಶ್ನೆ.

ರಘುಬೀರ್ ಸಿಂಗ್ ಅವರಲ್ಲಿ ಇದಕ್ಕೊಂದು ಉತ್ತರವಿದೆ. ವಿದೇಶದಲ್ಲಿ ಮನೆ ಮಾಡಿಕೊಂಡು, ಭಾರತದುದ್ದಕ್ಕೂ ಪಯಣಿಸುತ್ತಾ ಬಣ್ಣದಲ್ಲೇ ಚಿತ್ರ ತೆಗೆದವರು ಅವರು. 1994ರಲ್ಲಿ ಬಂದ ಅವರ ಮುಂಬೈ ಪುಸ್ತಕದಲ್ಲಿ ಜನ, ಗಾಜು, ಪ್ರತಿಬಿಂಬ, ಅಂಗಡಿ ಎಲ್ಲವೂ ಚೌಕಟ್ಟಿನ ಅಂಚಿನವರೆಗೆ ತುಂಬಿಕೊಂಡಿವೆ. ಚೌಪಾಟಿಯ ಗಣಪತಿ ವಿಸರ್ಜನೆಯನ್ನೂ ಅವರು ತೆಗೆದಿದ್ದಾರೆ. ಒಬ್ಬ ಮನುಷ್ಯ, ಒಂದು ಸೂರ್ಯ ಎಂಬ ಸರಳ ಲೆಕ್ಕ ಅವರಿಗೆ ಒಗ್ಗುವುದಿಲ್ಲ. ಅವರ ಚಿತ್ರದಲ್ಲಿ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ, ಅಲೆಯುತ್ತಾ ಅಂಚಿನಲ್ಲಿ ನಿಂತವರನ್ನೂ ಭೇಟಿಯಾಗುತ್ತದೆ. ಗುಂಪನ್ನು ಗುಂಪಾಗಿಯೇ ಒಪ್ಪಿಕೊಂಡು, ಅದರೊಳಗೆ ಒಬ್ಬೊಬ್ಬರನ್ನೂ ಕಾಣಿಸುವ ಕೌಶಲ ಅದು. ಇದಕ್ಕೆ ಆ ಊರಿನವರೇ ಆಗಿರಬೇಕಿಲ್ಲ. ಅಡ್ಡ ಬಂದವರನ್ನು ಅಡ್ಡ ಎಂದುಕೊಳ್ಳದಿದ್ದರೆ ಸಾಕು.

ಇನ್ನೊಂದು ಉತ್ತರ ಮರೀನಾದ ಮರಳಿನ ಮೇಲೆಯೇ ಇತ್ತು. ಸಿನಿಮಾ ತಾರೆಯರ ಆಳೆತ್ತರದ ಕಟ್‌ಔಟ್ ನಿಲ್ಲಿಸಿಕೊಂಡು, ಪಕ್ಕದಲ್ಲಿ ನಿಂತವರ ಫೋಟೊ ತೆಗೆದು ಕೊಡುವ ಛಾಯಾಗ್ರಾಹಕರ ಕಸುಬು ಅದು. ಅಭಿರುಚಿಯುಳ್ಳವರು ಆ ಚಿತ್ರಗಳನ್ನು ನೋಡಿ ನಕ್ಕಾರು. ಆದರೆ ಅಲ್ಲಿನ ವ್ಯವಹಾರವನ್ನು ಗಮನಿಸಿ. ಫೋಟೊ ಬೇಕೆಂದು ಕೇಳುವವರು ಚಿತ್ರದಲ್ಲಿರುವವರೇ. ಹೇಗೆ ನಿಲ್ಲಬೇಕು, ಯಾವ ತಾರೆಯ ಹೆಗಲ ಪಕ್ಕ ನಿಲ್ಲಬೇಕು ಎಂದು ನಿರ್ಧರಿಸುವವರೂ ಅವರೇ. ಚೆನ್ನಾಗಿ ಬಂದಿಲ್ಲವೆಂದು ಜಗಳವಾಡುವ ಹಕ್ಕೂ ಅವರದು. ಕೊನೆಗೆ ಚಿತ್ರ ಅವರ ಕೈಗೆ ಹೋಗಿ, ಅವರ ಮನೆಯ ಗೋಡೆ ಸೇರುತ್ತದೆ. ಪ್ರವಾಸಿಯ ನೆರಳಾಕೃತಿಯಲ್ಲಿ ಇದರಲ್ಲೊಂದೂ ನಡೆಯುವುದಿಲ್ಲ. ಅದರಲ್ಲಿ ನಿಂತವನಿಗೆ ತನ್ನ ಚಿತ್ರ ತೆಗೆದದ್ದೇ ಗೊತ್ತಿರುವುದಿಲ್ಲ. ಗೊತ್ತಾಗಿ, ತೋರಿಸಿದರೂ ಅದು ತಾನೆಂದು ಅವನು ಗುರುತಿಸಲಾರ.

ನಗರದ ತೀರದ ಚಿತ್ರವನ್ನು ಅಳೆಯಲು ಈ ಒಂದು ಪ್ರಶ್ನೆ ನನಗೆ ಸಾಕೆನಿಸುತ್ತದೆ: ಅದರಲ್ಲಿರುವವರು ಅದನ್ನು ಕೈಗೆತ್ತಿಕೊಂಡು ‘ಇದು ನಾನು’ ಎನ್ನಬಲ್ಲರೇ? ಪಾರ್ ಅವರ ತಾಯಂದಿರು ಹಾಗೆ ಹೇಳಿಯಾರು, ಬೇಕಾದರೆ ಸಿಟ್ಟಿನಿಂದಲೇ. ಕಟ್‌ಔಟಿನ ಪಕ್ಕದ ಹುಡುಗ ಖುಷಿಯಿಂದ ಹೇಳುತ್ತಾನೆ. ಕೆಂಪು ಆಕಾಶದ ಮುಂದಿನ ಕಪ್ಪು ಆಕೃತಿ ಮಾತ್ರ ಬಾಯಿಬಿಡಲಾರದು. ಸೂರ್ಯಾಸ್ತವನ್ನು ತೆಗೆಯಬಾರದೆಂದು ಯಾರೂ ಹೇಳುತ್ತಿಲ್ಲ. ಅದು ಎಲ್ಲ ತೀರದಲ್ಲೂ ಒಂದೇ, ಆಲ್ಬಮ್ಮಿನಲ್ಲಿ ಒಂದಿದ್ದರೆ ಸಾಕು. ಮುಂದಿನ ಸಲ ಪಣಂಬೂರಿಗೆ ಹೋದವರು, ಸೂರ್ಯ ನೀರಿಗೆ ಹತ್ತಿರವಾದಾಗ, ಒಮ್ಮೆ ಅದಕ್ಕೆ ಬೆನ್ನು ಹಾಕಿ ನಿಂತು ನೋಡಬಹುದು. ಆ ಬೆಳಕೆಲ್ಲ ಆಗ ಚರುಮುರಿ ಕಲಸುತ್ತಿರುವವರ ಮುಖದ ಮೇಲಿರುತ್ತದೆ. ಅವರು ನಮ್ಮನ್ನು ನೋಡುತ್ತಿರುತ್ತಾರೆ, ಏನು ಬೇಕೆಂದು ಕೇಳುತ್ತಾರೆ. ಫೋಟೊ ತೆಗೆಯಲೇ ಎಂದು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ.