ಸ್ಮರಣಚಿತ್ರದಲ್ಲಿ ಯಾರ ಸ್ಮರಣೆ?

ಕಳೆದ ಮೇ ತಿಂಗಳಲ್ಲಿ ಅಕ್ಕೋಳದಲ್ಲಿ ಹತ್ತು ದಿನಗಳ ಬೇಸಿಗೆ ಚಿತ್ರಕಲಾ ಶಿಬಿರ ನಡೆಯಿತು. ಕೊನೆಯ ದಿನ ಮಕ್ಕಳ ಚಿತ್ರಗಳ ಪ್ರದರ್ಶನ. ಬಹುಮಾನ ನಿರ್ಧರಿಸಲು ನನ್ನನ್ನು ಕರೆದಿದ್ದರು. ಚಿತ್ರಕಲೆಯಲ್ಲಿ ನನಗಿರುವ ಅರ್ಹತೆ ಎಂದರೆ ನೋಡುವ ಆಸೆ ಮಾತ್ರ. ಆದರೆ ‘ಪಿಎಚ್.ಡಿ. ಮಾಡಾಕತ್ತಾರ’ ಎಂಬ ಒಂದು ಮಾತು ನಮ್ಮ ಕಡೆ ಯಾವ ಕುರ್ಚಿಗಾದರೂ ಸಾಕಾಗುತ್ತದೆ. ಗೋಡೆಗುಂಟ ಹಗ್ಗ ಕಟ್ಟಿ, ಅರಿವೆ ಒಣಹಾಕುವ ಕ್ಲಿಪ್ಪುಗಳಿಂದ ಹಾಳೆಗಳನ್ನು ತೂಗುಹಾಕಿದ್ದರು. ನನ್ನ ಕೈಯಲ್ಲಿ ಅಂಕಪಟ್ಟಿ, ಎದುರಿಗೆ ನಲವತ್ತರಷ್ಟು ಚಿತ್ರಗಳು.

ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ‘ಸೀನರಿ’. ಓದುಗರಿಗೆ ಈ ಚಿತ್ರ ಗೊತ್ತಿರುತ್ತದೆ, ನೀವೂ ಬರೆದಿರುತ್ತೀರಿ. ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಕೆಳಗೆ ಅಗಲವಾಗುವ ನೀಲಿ ಹೊಳೆ, ದಂಡೆಗೊಂದು ತೆಂಗಿನಮರ, ಇಳಿಜಾರು ಮಾಡಿನ ಮನೆ, ರೆಕ್ಕೆಯಷ್ಟೇ ಇರುವ ಹಕ್ಕಿಗಳು. ಅಕ್ಕೋಳಕ್ಕೂ ಹೊಳೆಯಿದೆ, ವೇದಗಂಗೆ. ಆದರೆ ಆ ಹೊಳೆ ಗುಡ್ಡಗಳ ನಡುವಿನಿಂದ ನೀಲಿಯಾಗಿ ಇಳಿದು ಬರುವುದಿಲ್ಲ. ಕಬ್ಬಿನ ಹೊಲಗಳ ಮಗ್ಗುಲಲ್ಲಿ, ಪಂಪ್‌ಸೆಟ್ಟಿನ ಪೈಪುಗಳ ನಡುವೆ ಹರಿಯುತ್ತದೆ. ಮಳೆಗಾಲದಲ್ಲಿ ಕಂದಾಗಿ ಏರಿ ಸಿದ್ನಾಳದ ದಾರಿಯ ಸೇತುವೆಯನ್ನು ಮುಳುಗಿಸುತ್ತದೆ. ಸೇತುವೆ ಮುಳುಗಿದಾಗ ನೀರು ನೋಡಲು ಮೊದಲು ಓಡುವವರು ಇದೇ ಮಕ್ಕಳು. ಆ ನೀರು ಒಂದು ಹಾಳೆಯಲ್ಲೂ ಇರಲಿಲ್ಲ.

ಇದಕ್ಕೆ ಶಿಬಿರದ ಶಿಕ್ಷಕರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ‘ಸೀನರಿ’ಗೂ ಒಂದು ಗೌರವದ ವಂಶಾವಳಿ ಇದೆ. 1857ರಲ್ಲಿ ಆರಂಭವಾದ ಮುಂಬೈಯ ಜೆ.ಜೆ. ಕಲಾಶಾಲೆಯ ಪಾಠಕ್ರಮದ ನೆರಳು ಈ ಭಾಗದ ಮೇಲೆ ದಟ್ಟವಾಗಿ ಬಿದ್ದಿದೆ. ನಿಪ್ಪಾಣಿಗೆ ಸಮೀಪದ ಕೊಲ್ಹಾಪುರದಲ್ಲಿ ಅಬಾಲಾಲ ರಹಿಮಾನರು ಶಾಹೂ ಮಹಾರಾಜರ ಆಶ್ರಯದಲ್ಲಿದ್ದು ನಿಸರ್ಗಚಿತ್ರಗಳನ್ನು ಬರೆದರು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ, ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಎಷ್ಟೋ ವಿದ್ಯಾರ್ಥಿಗಳ ಕೈ ತಿದ್ದಿದರು. ಆದರೆ ಅಬಾಲಾಲರು ಬರೆದದ್ದು ತಮ್ಮ ಊರಿನ ಕೋಟಿತೀರ್ಥದ ಕೆರೆಯನ್ನು, ಅದರ ಎದುರು ಕುಳಿತು. ಎದುರು ಕುಳಿತುಕೊಳ್ಳುವ ಆ ಕೆಲಸ ಕಾಲಕ್ರಮದಲ್ಲಿ ಕಳಚಿಹೋಗಿ, ಬರೆಯುವ ಸೂತ್ರವಷ್ಟೇ ನಮ್ಮ ಶಿಬಿರಗಳವರೆಗೆ ಬಂದಿದೆ.

ಸೂತ್ರವನ್ನು ತಂದುಕೊಟ್ಟ ಒಂದು ದಾರಿ ಪರೀಕ್ಷೆ. ಗಡಿಯ ಆಚೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್. ಈಚೆ ಲೋವರ್, ಹೈಯರ್ ಗ್ರೇಡ್. ಎರಡು ಭಾಷೆಯ ಈ ಸೀಮೆಯಲ್ಲಿ ಎರಡೂ ಹೆಸರುಗಳು ಮನೆಮಾತು. ಇಂಥ ಪರೀಕ್ಷೆಗಳಲ್ಲಿ ‘ಸ್ಮರಣಚಿತ್ರ’ ಎಂಬ ಒಂದು ವಿಷಯವಿದೆ. ಎದುರಿಗೆ ಏನನ್ನೂ ಇಡದೆ, ಜಾತ್ರೆ, ಸಂತೆ, ಬಸ್ ನಿಲ್ದಾಣ ಎಂದು ವಿಷಯ ಕೊಟ್ಟು ನೆನಪಿನಿಂದ ಬರೆಯಲು ಹೇಳುತ್ತಾರೆ. ಕಲ್ಪನೆ ಸೊಗಸಾಗಿದೆ. ಕಂಡದ್ದನ್ನು ಮನಸ್ಸು ಹೇಗೆ ಇಟ್ಟುಕೊಂಡಿದೆ ಎಂದು ಕೇಳುವ ಪ್ರಶ್ನೆ ಅದು. ಆಚರಣೆಯಲ್ಲಿ ಆಗುವುದು ಬೇರೆ. ಮಕ್ಕಳು ಗೈಡಿನಲ್ಲಿರುವ ಜಾತ್ರೆಯನ್ನು ಬಾಯಿಪಾಠದಂತೆ ಕೈಪಾಠ ಮಾಡಿಕೊಳ್ಳುತ್ತಾರೆ. ಆಗ ಹಾಳೆಯ ಮೇಲೆ ಬರುವುದು ಇನ್ಯಾರದೋ ಸ್ಮರಣೆ. ಶಿಬಿರದ ‘ಸೀನರಿ’ಯೂ ಅಂಥದೇ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸಾಲಿನ ಕೊನೆಗೆ ಒಂದು ಕಂದು ಬಣ್ಣದ ಚಿತ್ರವಿತ್ತು. ಒಬ್ಬ ಹೆಂಗಸು ಮಗ್ಗುಲಾಗಿ ಕೂತಿದ್ದಾಳೆ, ಮುಖದ ಒಂದು ಬದಿ ಮಾತ್ರ ಕಾಣುತ್ತದೆ. ಅವಳ ತೊಡೆಯ ಮೇಲೆ ಒಂದು ಮೊರ. ಅದು ಮೇಲಿನಿಂದ ಕಂಡಂತೆ ಪೂರ್ತಿ ಬಿಚ್ಚಿಕೊಂಡಿದೆ, ಅವಳ ಮೈಗಿಂತ ದೊಡ್ಡದಾಗಿದೆ. ಮೊರದ ತುಂಬ ಚಿಕ್ಕ ಚಿಕ್ಕ ಗೆರೆಗಳು. ಹಿನ್ನೆಲೆ ಖಾಲಿ. ನಾನು ಪಟ್ಟಿಯಲ್ಲಿ ‘ದೃಷ್ಟಿಕೋನ ದೋಷ, ಅಪೂರ್ಣ’ ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಹಾಕಿದೆ. ಮೊದಲ ಬಹುಮಾನ ಒಂದು ಅಚ್ಚುಕಟ್ಟಾದ ಸೂರ್ಯೋದಯಕ್ಕೆ ಹೋಯಿತು.

ಸಮಾರಂಭ ಮುಗಿದ ಮೇಲೆ, ಹಾಳೆ ಬಿಚ್ಚಿಕೊಳ್ಳುತ್ತಿದ್ದ ಹುಡುಗಿಯನ್ನು ಏನಿದು ಎಂದು ಕೇಳಿದೆ. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿದಳು: ಅವ್ವ ಬೀಡಿ ಕಟ್ಟುತ್ತಾಳೆ. “ಮತ್ತ ಈ ಗೆರಿ?” “ಬೀಡಿ ರೀ ಅಕ್ಕೋರ. ಎಣಿಸಿ ತಗದೇನ್ರಿ.”

ಎಣಿಸಿ ಬರೆದಿದ್ದಳು. ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ ಸಿಗುತ್ತದೆ. ತಂಬಾಕಿನ ಪೇಟೆಯಾದ ನಿಪ್ಪಾಣಿಯ ಸುತ್ತಲಿನ ಎಷ್ಟೋ ಮನೆಗಳಲ್ಲಿ ಎಣಿಕೆಯೇ ದಿನದ ಲಯ. ನಾನು ಗೊಂದಲ ಎಂದುಕೊಂಡದ್ದು ಲೆಕ್ಕವಾಗಿತ್ತು. ಮೊರ ಮೇಲಿನಿಂದ ಕಂಡದ್ದೂ ತಪ್ಪಲ್ಲ. ಅವ್ವನ ಪಕ್ಕದಲ್ಲಿ ನಿಂತ ಮಗುವಿಗೆ ಮುಖ ಮಗ್ಗುಲಿನಿಂದ ಕಾಣುತ್ತದೆ, ಬಗ್ಗಿದಾಗ ಮೊರ ಪೂರ್ತಿ ಕಾಣುತ್ತದೆ. ಎರಡೂ ನಿಜವಾದ ನೋಟಗಳು; ಆಕೆ ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟಿದ್ದಳು. ಹಿನ್ನೆಲೆ ಖಾಲಿ ಇದ್ದುದು ಅಪೂರ್ಣತೆಯಲ್ಲ. ಆ ಮನೆಯಲ್ಲಿ ಆ ಹೊತ್ತಿಗೆ ಮೊರವನ್ನು ಬಿಟ್ಟು ನೋಡುವಂಥದು ಬೇರೇನೂ ಇರಲಿಲ್ಲ. ಇಡೀ ಪ್ರದರ್ಶನದಲ್ಲಿ ನಿಜವಾದ ಅರ್ಥದ ಸ್ಮರಣಚಿತ್ರ ಅದೊಂದೇ. ಅದಕ್ಕೇ ನಾನು ನಾಲ್ಕು ಅಂಕ ಕೊಟ್ಟಿದ್ದೆ.

ಇಲ್ಲಿ ಒಂದು ಎಚ್ಚರ ಬೇಕು. ಬಡತನದ ವಸ್ತು ಎಂಬ ಕಾರಣಕ್ಕೆ ಆ ಚಿತ್ರ ದೊಡ್ಡದಲ್ಲ. ಹಳ್ಳಿಯ ಮಗು ಹಳ್ಳಿಯನ್ನೇ ಬರೆಯಬೇಕು ಎಂಬ ಹಟವೂ ನನ್ನದಲ್ಲ. ಅದು ಇನ್ನೊಂದು ಬಗೆಯ ಗೈಡು. ಗುಡ್ಡ ಕಾಣದ ಮಗು ಗುಡ್ಡವನ್ನು, ಹಾರುವ ಮನುಷ್ಯನನ್ನು ಬರೆಯಲಿ. ದೃಷ್ಟಿಕೋನದ ನಿಯಮಗಳನ್ನೂ ಕಲಿಯಲಿ. ಅದು ಒಂದು ಕೌಶಲ, ಚಿತ್ರಕಲಾ ಶಿಕ್ಷಕರಾಗಿ ಅನ್ನ ಹುಟ್ಟಿಸಿಕೊಳ್ಳುವ ದಾರಿ ಕೂಡ. ನನ್ನ ತಕರಾರು ಕ್ರಮದ ಬಗ್ಗೆ. ಮೊದಲ ದಿನವೇ ಹಲಗೆಯ ಮೇಲೆ ಮಾದರಿ ಬರೆದು ‘ಹೀಂಗ ತಗೀರಿ’ ಎಂದ ಶಿಬಿರದಲ್ಲಿ, ಹತ್ತನೆಯ ದಿನದ ಪ್ರದರ್ಶನ ಶಿಕ್ಷಕರ ಒಂದೇ ಚಿತ್ರದ ನಲವತ್ತು ಪ್ರತಿಗಳ ಪ್ರದರ್ಶನವಾಗುತ್ತದೆ. ಅದನ್ನು ಮೀರಿದ ಮಗು ಸೂತ್ರವನ್ನು ಕೇಳಿಸಿಕೊಳ್ಳದ ಮಗುವೇ ಆಗಿರಬೇಕಾಗುತ್ತದೆ.

ಈ ಸೀಮೆಯ ಮಕ್ಕಳಿಗೆ ಪ್ರದರ್ಶನ ಎಂಬುದು ಹೊಸದೇನೂ ಅಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಇವರ ಕೈ ಎತ್ತಿನ ಹಿಣಿಲನ್ನೂ ಕೋಡನ್ನೂ ತಿದ್ದುತ್ತದೆ. ದೀಪಾವಳಿ ಬಂದರೆ ಬೆಳಗಾವಿಯಿಂದ ಕೊಲ್ಹಾಪುರದವರೆಗೆ ಓಣಿಯ ಹುಡುಗರು ಕಲ್ಲು, ಮಣ್ಣು, ಗೋಣಿಚೀಲ ಕೂಡಿಸಿ ಕೋಟೆ ಕಟ್ಟುತ್ತಾರೆ. ಬುರುಜು, ಮೆಟ್ಟಿಲು, ನೀರಿನ ಹೊಂಡ, ನಡುವೆ ಶಿವಾಜಿಯ ಮೂರ್ತಿ. ಅದಕ್ಕೂ ಈಗ ಸ್ಪರ್ಧೆಗಳು ಬಂದಿವೆ, ನಿಜ. ಆದರೂ ಕಟ್ಟುವಾಗ ಹುಡುಗರು ತಾವೇ ಜಗಳಾಡಿ ತೀರ್ಮಾನಿಸುತ್ತಾರೆ; ದಾರಿಹೋಕರು ನಿಂತು ನೋಡುತ್ತಾರೆ, ‘ಬಾಗಲಾ ಎಲ್ಲೈತಿ?’ ಎಂದು ಕೇಳುತ್ತಾರೆ. ನಮ್ಮ ಶಿಬಿರದ ಪ್ರದರ್ಶನದಲ್ಲಿ ಇಲ್ಲದ್ದು ಆ ಪ್ರಶ್ನೆ. ಅಲ್ಲಿ ಹಾರ, ಶಾಲು, ಭಾಷಣ, ಪ್ರಮಾಣಪತ್ರ ಎಲ್ಲಕ್ಕೂ ಹೊತ್ತಿತ್ತು. ಯಾವ ಮಗುವನ್ನೂ ಅದರ ಚಿತ್ರದ ಮುಂದೆ ನಿಲ್ಲಿಸಿ ಯಾರೂ ಏನನ್ನೂ ಕೇಳಲಿಲ್ಲ. ನಾನೂ ಅಂಕ ಹಾಕಿದ ಮೇಲೆ ಕೇಳಿದೆ.

ಹಳ್ಳಿಯಲ್ಲಿ ಚಿತ್ರಪ್ರದರ್ಶನ ಹೇಗಿರಬಹುದು ಎಂಬುದಕ್ಕೆ ಒಂದು ಹಳೆಯ ಉದಾಹರಣೆ ನೆನಪಾಗುತ್ತದೆ. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಗಾಂಧೀಜಿಯ ಕರೆಯ ಮೇರೆಗೆ ನಂದಲಾಲ್ ಬೋಸ್ ಮತ್ತು ಅವರ ಸಂಗಡಿಗರು ನೂರಾರು ಚಿತ್ರಫಲಕಗಳನ್ನು ಮಾಡಿದರು. ಭತ್ತ ಕುಟ್ಟುವವರು, ದರ್ಜಿ, ವಾದ್ಯಗಾರರು, ಎತ್ತುಗಳು: ನೋಡಲು ಬರುವವರ ಬದುಕೇ ದಪ್ಪ ಗೆರೆಗಳಲ್ಲಿ, ಮಣ್ಣಿನ ಬಣ್ಣಗಳಲ್ಲಿ. ಅವುಗಳನ್ನು ಜನ ಓಡಾಡುವ ದ್ವಾರಗಳಲ್ಲಿ, ಚಪ್ಪರಗಳಲ್ಲಿ ಹಾಕಿದ್ದರು. ಒಬ್ಬ ಮಹಾ ಕಲಾವಿದ ಮಾಡಿದ್ದನ್ನು ಹತ್ತು ದಿನದ ಶಿಬಿರದಿಂದ ನಿರೀಕ್ಷಿಸುತ್ತಿಲ್ಲ. ಆದರೆ ಚಿತ್ರವನ್ನು ಎಲ್ಲಿ ತೂಗುಹಾಕುತ್ತೇವೆ, ಯಾರು ನೋಡಲೆಂದು ಹಾಕುತ್ತೇವೆ ಎಂಬ ಅವರ ಎಣಿಕೆಗೆ ಖರ್ಚಿಲ್ಲ.

ಅಂದು ಆ ಹುಡುಗಿಯ ಅವ್ವ ಬಂದಿರಲಿಲ್ಲ. ಕಟ್ಟಿದ ಬೀಡಿ ಒಪ್ಪಿಸಿ ಬರುವ ದಿನವಂತೆ. ಬಂದಿದ್ದರೂ ಹಾಲಿನ ತುಂಬ ಕುರ್ಚಿಗಳಿದ್ದವು, ಎಲ್ಲವೂ ವೇದಿಕೆಯ ಕಡೆ ಮುಖ ಮಾಡಿದ್ದವು, ಚಿತ್ರಗಳ ಕಡೆ ಬೆನ್ನು.

ಈ ಬೇಸಿಗೆಗೆ ಮತ್ತೆ ಕರೆದರೆ ಮೂರು ಮಾತು ಹೇಳಬೇಕೆಂದಿದ್ದೇನೆ. ಮೊದಲ ಮೂರು ದಿನ ಹಲಗೆ ಖಾಲಿ ಇರಲಿ. ಮಕ್ಕಳನ್ನು ಹೊಳೆಯ ದಂಡೆಗೆ, ಸಂತೆಗೆ, ಅವರವರ ಮನೆಯ ಹೊಸ್ತಿಲಿಗೆ ಕಳಿಸೋಣ. ಚಿತ್ರಗಳನ್ನು ಹಾಲಿನ ಡೇರಿಯ ಗೋಡೆಗೆ, ಹಿಟ್ಟಿನ ಗಿರಣಿಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ ಹಾಕೋಣ. ಕೆಲಸಕ್ಕೆ ಹೋಗುವವರು ಹೋಗುತ್ತಲೇ ನೋಡಲಿ. ನನಗೆ ಅಂಕಪಟ್ಟಿ ಬೇಡ. ಅದರ ಬದಲು ಅರ್ಧ ದಿನ ಕೊಟ್ಟರೆ, ಪ್ರತಿ ಮಗುವಿನ ಜೊತೆ ಅದರ ಚಿತ್ರದ ಮುಂದೆ ನಿಂತು, ಕನ್ನಡವೋ ಮರಾಠಿಯೋ ಅದಕ್ಕೆ ಬಂದ ಮಾತಿನಲ್ಲಿ, ಇದೇನು ಎಂದು ಕೇಳುತ್ತೇನೆ.

ಆ ಮೊರದಲ್ಲಿ ಒಟ್ಟು ಎಷ್ಟು ಬೀಡಿಗಳಿದ್ದವು ಎಂದು ಕೇಳುವುದನ್ನೂ ನಾನು ಅಂದು ಮರೆತಿದ್ದೆ.