ಜಂಪ್ ಶಾಟ್ ನಂಬಿದವರ ಪ್ಲೇಆಫ್

ರಿಂಗ್‌ನಿಂದ ದೂರದಲ್ಲಿ ಹಾರಿ ಎಸೆಯುವ ಜಂಪ್ ಶಾಟ್ ನಂಬಿ ಆಡುವ ತಂಡ ಎನ್‌ಬಿಎ ಚಾಂಪಿಯನ್ ಆಗುವುದಿಲ್ಲ ಎಂದು ಚಾರ್ಲ್ಸ್ ಬಾರ್ಕ್ಲಿ ವರ್ಷಗಟ್ಟಲೆ ಟಿವಿಯಲ್ಲಿ ಹೇಳಿಕೊಂಡು ಬಂದರು. ತಮಗಿಂತ ಎತ್ತರದವರನ್ನು ರಿಂಗ್ ಕೆಳಗೆ ಭುಜ ಕೊಟ್ಟು ಸರಿಸಿ, ರಿಬೌಂಡ್ ಕಿತ್ತುಕೊಂಡು ಹೆಸರು ಮಾಡಿದ ಆಟಗಾರ ಅವರು. ಆ ಮಾತನ್ನು ಹೇಳುವ ಹಕ್ಕು ಅವರಿಗಿತ್ತು. 2015ರಲ್ಲಿ ಸ್ಟೆಫ್ ಕರಿಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕಪ್ ಎತ್ತಿದಾಗ ವಾದ ಮುಗಿಯಿತು ಎಂದುಕೊಂಡವರು ಬಹಳ. ಮುಗಿಯಲಿಲ್ಲ. ಮೇ ತಿಂಗಳಲ್ಲಿ ಯಾವುದಾದರೂ ದೊಡ್ಡ ತಂಡದ ಕೈ ತಣ್ಣಗಾದರೆ ಸಾಕು, ಆ ವಾದ ಮತ್ತೆ ಎದ್ದು ಕೂರುತ್ತದೆ.

ಈ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಲೀಗ್ ಹಂತದ 82 ಪಂದ್ಯಗಳಲ್ಲಿ ಎದುರಾಳಿ ದಿನಕ್ಕೊಬ್ಬ. ಇಂದು ಬಂದವನು ನಾಳೆ ಬೇರೆ ಊರಿನಲ್ಲಿರುತ್ತಾನೆ. ಪ್ಲೇಆಫ್‌ನಲ್ಲಿ ಅದೇ ಐದು ಮುಖಗಳು ಎರಡು ವಾರ ಎದುರಿಗೇ ನಿಂತಿರುತ್ತವೆ. ಯಾರು ಬಲಕ್ಕೆ ಒಂದು ಡ್ರಿಬಲ್ ಹಾಕಿಯೇ ಎಸೆಯುತ್ತಾನೆ, ಯಾರಿಗೆ ಮೂಲೆಯ ಶಾಟ್ ಇಷ್ಟ, ಯಾರು ಕೈ ಅಡ್ಡ ಬಂದರೆ ಅಳುಕುತ್ತಾನೆ ಎಂಬುದೆಲ್ಲ ಮೂರನೇ ಪಂದ್ಯದ ಹೊತ್ತಿಗೆ ಎದುರಾಳಿಗೆ ಬಾಯಿಪಾಠ. ಇಷ್ಟರ ಮೇಲೆ ದಣಿವು. ಜಂಪ್ ಶಾಟ್‌ನಲ್ಲಿ ಕೈಗೆ ದಿಕ್ಕಿನ ಕೆಲಸ, ಬಲ ಬರುವುದು ಕಾಲಿನಿಂದ. ಅಕ್ಟೋಬರ್‌ನಿಂದ ಓಡಿದ ಕಾಲು ಮೇ ತಿಂಗಳಲ್ಲಿ ಎರಡು ಅಂಗುಲ ಕಡಿಮೆ ಹಾರಿದರೂ ಚೆಂಡು ರಿಂಗ್‌ನ ಮುಂಭಾಗಕ್ಕೆ ಬಡಿದು ಹಿಂತಿರುಗುತ್ತದೆ.

2018ರ ಮೇ 28ರ ಹ್ಯೂಸ್ಟನ್ ಇದಕ್ಕೆ ಎಲ್ಲರೂ ಕೊಡುವ ಸಾಕ್ಷಿ. ಪಶ್ಚಿಮ ವಿಭಾಗದ ಫೈನಲ್, ಏಳನೇ ಪಂದ್ಯ, ಸ್ವಂತ ಅಂಗಳ. ಲೀಗ್‌ನಲ್ಲಿ 65 ಪಂದ್ಯ ಗೆದ್ದಿದ್ದ ರಾಕೆಟ್ಸ್ ಅರ್ಧ ಆಟ ಮುಗಿದಾಗ ವಾರಿಯರ್ಸ್ ವಿರುದ್ಧ 54–43ರಿಂದ ಮುಂದಿತ್ತು. ಆಮೇಲೆ ನಡೆದದ್ದನ್ನು ನೋಡಿದವರು ಮರೆಯಲಾರರು. ಎರಡನೇ ಕ್ವಾರ್ಟರ್‌ನಲ್ಲಿ ಶುರುವಾದ ಬರ ನಾಲ್ಕನೇ ಕ್ವಾರ್ಟರ್‌ವರೆಗೆ ಎಳೆಯಿತು: ಸತತ 27 ತ್ರೀ ಪಾಯಿಂಟರ್, ಒಂದೂ ಬೀಳಲಿಲ್ಲ. ಮೂರನೇ ಕ್ವಾರ್ಟರ್ ಒಂದನ್ನೇ ವಾರಿಯರ್ಸ್ 33–15ರಿಂದ ಗೆದ್ದಿತು. ಕೊನೆಗೆ ರಾಕೆಟ್ಸ್ ಲೆಕ್ಕ 44ಕ್ಕೆ 7, ಸೋಲು 101–92.

ದುರದೃಷ್ಟ ಎಂದು ಕೈ ತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ವರ್ಷ ಅವರು ನೂರಕ್ಕೆ ಮೂವತ್ತಾರು ತ್ರೀ ಹಾಕುತ್ತಿದ್ದರು. ಅಂಥವರು ಸತತ 27 ತಪ್ಪುವುದು ಬರಿಯ ಅದೃಷ್ಟದ ಆಟವೇ ಆಗಿದ್ದರೆ ಲಕ್ಷಕ್ಕೂ ಹೆಚ್ಚು ಸಲ ಎಸೆದು ನೋಡಿದರೆ ಒಮ್ಮೆ ಆಗಬಹುದಾದ ಸಂಗತಿ. ಆ ರಾತ್ರಿ ಕಾಲುಗಳು ಸೋತಿದ್ದವು. ತಂಡದ ಕ್ರಿಸ್ ಪಾಲ್ ಐದನೇ ಪಂದ್ಯದಲ್ಲಿ ತೊಡೆಯ ಸ್ನಾಯು ಹಿಡಿದುಕೊಂಡು ಹೊರಗುಳಿದಿದ್ದರು. ಚೆಂಡನ್ನು ಹೊತ್ತು, ರಕ್ಷಣೆ ಒಡೆದು, ಇತರರಿಗೆ ಜಾಗ ಮಾಡಿಕೊಡುವ ಹೊರೆಯ ಬಹುಪಾಲು ಜೇಮ್ಸ್ ಹಾರ್ಡನ್ ತಲೆಗೆ ಬಂತು. ಅವರು 13ರಲ್ಲಿ 2 ತ್ರೀ ಹಾಕಿದರು. ಟ್ರೆವರ್ ಅರಿಝಾ 12 ಶಾಟ್ ಎಸೆದು ಒಂದನ್ನೂ ಹಾಕಲಿಲ್ಲ. ರಾಕೆಟ್ಸ್‌ನ ಶಾಟ್‌ಗಳೆಲ್ಲ ಒಂದೇ ಬಾಗಿಲಿಂದ ಬರುತ್ತಿದ್ದವು. ಒಬ್ಬ ಡ್ರಿಬಲ್ ಮಾಡುತ್ತಾನೆ, ನಾಲ್ವರು ನಿಂತು ಕಾಯುತ್ತಾರೆ. ಆ ಒಬ್ಬನ ಕಾಲು ಸೋತರೆ ನಾಲ್ವರ ಶಾಟ್‌ಗಳೂ ಕೆಡುತ್ತವೆ. ಅದೇ ರಾಕೆಟ್ಸ್ ನಾಲ್ಕನೇ ಪಂದ್ಯವನ್ನು 95–92, ಐದನೆಯದನ್ನು 98–94ರಿಂದ ಗೆದ್ದಿದ್ದು ಕಟ್ಟುನಿಟ್ಟಿನ ಡಿಫೆನ್ಸ್‌ನಿಂದ ಎಂಬುದನ್ನು ಬಹಳ ಮಂದಿ ಮರೆತೇಬಿಟ್ಟಿದ್ದಾರೆ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ತಂಡಕ್ಕೆ ಬರುತ್ತೇನೆ: 2011ರ ಡಲ್ಲಾಸ್ ಮ್ಯಾವರಿಕ್ಸ್. ಕರಿಗೂ ನಾಲ್ಕು ವರ್ಷ ಮೊದಲೇ ಬಾರ್ಕ್ಲಿ ಮಾತಿಗೆ ಉತ್ತರ ಕೊಟ್ಟವರು ಇವರು. ತಂಡದ ಪ್ರಾಣ ಡರ್ಕ್ ನೊವಿಟ್ಸ್ಕಿ. ಏಳಡಿ ಎತ್ತರದ ಜರ್ಮನ್, ಒಂದು ಮೊಣಕಾಲು ಮೇಲೆತ್ತಿ, ಒಂಟಿ ಕಾಲಲ್ಲಿ ಹಿಂದಕ್ಕೆ ಬಾಗುತ್ತಾ ಎಸೆಯುವ ಶಾಟ್. ಅದನ್ನು ತಡೆಯಲು ಯಾರ ಕೈಯೂ ಸಾಲುತ್ತಿರಲಿಲ್ಲ. ಇದೇ ಡರ್ಕ್ ಇದ್ದ ಡಲ್ಲಾಸ್ 2007ರಲ್ಲಿ 67 ಪಂದ್ಯ ಗೆದ್ದು ಬಂದು, ಮೊದಲ ಸುತ್ತಿನಲ್ಲೇ ಎಂಟನೇ ಶ್ರೇಯಾಂಕದವರಿಗೆ ಸೋತಿತ್ತು. ಹೊರಗಿನಿಂದ ಎಸೆಯುವ ಮೆತ್ತನೆಯ ತಂಡ ಎಂಬ ಹಣೆಪಟ್ಟಿ ಅಂದಿನಿಂದ ಬಿಟ್ಟಿರಲಿಲ್ಲ.

2011ರ ಎರಡನೇ ಸುತ್ತಿನಲ್ಲಿ ಎರಡು ವರ್ಷದಿಂದ ಚಾಂಪಿಯನ್ ಆಗಿದ್ದ ಲೇಕರ್ಸ್ ಸಿಕ್ಕಿತು. ಕೋಚ್ ಫಿಲ್ ಜಾಕ್ಸನ್, ಅಂಗಳದಲ್ಲಿ ಕೋಬಿ ಬ್ರಯಂಟ್. ಡಲ್ಲಾಸ್ 4–0. ನಾಲ್ಕನೇ ಪಂದ್ಯದಲ್ಲಿ 20 ತ್ರೀ ಬಿದ್ದವು. ಬೆಂಚಿನಿಂದ ಬಂದ ಜೇಸನ್ ಟೆರಿ 10ರಲ್ಲಿ 9, ಪೇಜಾ ಸ್ಟೊಯಾಕೊವಿಚ್ 6ಕ್ಕೆ 6. ಅಂಥ ದಿನ ಯಾವ ತಂಡವೂ ಗೆಲ್ಲುತ್ತದೆ, ಅದರಿಂದ ಕಲಿಯುವುದು ಕಡಿಮೆ. ಕಲಿಯಬೇಕಾದದ್ದು ಮಿಯಾಮಿಯಲ್ಲಿ ನಡೆದ ಫೈನಲ್‌ನ ಆರನೇ ಪಂದ್ಯದಿಂದ. ಎದುರಿಗೆ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬಾಶ್. ಮೊದಲರ್ಧದಲ್ಲಿ ಡರ್ಕ್ 12 ಶಾಟ್ ಎಸೆದರು, ಬಿದ್ದದ್ದು ಒಂದು. ಆದರೂ ವಿರಾಮದ ಹೊತ್ತಿಗೆ ಡಲ್ಲಾಸ್ 53–51ರಿಂದ ಮುಂದಿತ್ತು. ಟೆರಿ ಆಗಲೇ 19 ಅಂಕ ಗಳಿಸಿದ್ದರು. ಪುಟ್ಟ ದೇಹದ ಜೆ.ಜೆ. ಬರೇಯಾ ಚೆಂಡು ಹಿಡಿದು ರಿಂಗ್‌ವರೆಗೂ ನುಗ್ಗುತ್ತಿದ್ದರು. ಹಿಂದೆ ಟೈಸನ್ ಚಾಂಡ್ಲರ್ ಬಾಗಿಲು ಕಾಯುತ್ತಿದ್ದರು. ನಡುನಡುವೆ ಕೋಚ್ ರಿಕ್ ಕಾರ್ಲೈಲ್ ಹಾಕುತ್ತಿದ್ದ ಝೋನ್ ಡಿಫೆನ್ಸ್ ಮಿಯಾಮಿಯನ್ನು ತಡವರಿಸುವಂತೆ ಮಾಡುತ್ತಿತ್ತು. ದ್ವಿತೀಯಾರ್ಧದಲ್ಲಿ ಡರ್ಕ್ ಕೈಗೆ ಲಯ ಮರಳಿತು, 18 ಅಂಕ ಬಂದವು. 105–95. ಕಪ್ ಡಲ್ಲಾಸ್‌ಗೆ.

ಇನ್ನೊಂದು ಅಂಕಿಯನ್ನು ಬಿಡಲಾರೆ. ಆ ಫೈನಲ್ ಸರಣಿ ಪೂರ್ತಿ ಡರ್ಕ್ ಎಸೆದ 46 ಫ್ರೀ ಥ್ರೋಗಳಲ್ಲಿ 45 ಬಿದ್ದವು. ಮಳೆಯನ್ನಷ್ಟೇ ನಂಬಿದ ಹೊಲಕ್ಕೂ ಪಕ್ಕದಲ್ಲಿ ಕೆರೆಯಿರುವ ಹೊಲಕ್ಕೂ ಇರುವ ಅಂತರ ಇದು. ಅವರ ಜಂಪ್ ಶಾಟ್ ಎಷ್ಟು ಭಯ ಹುಟ್ಟಿಸಿತ್ತೆಂದರೆ ಕಾವಲಿನವನು ಮೈಗೆ ಅಂಟಿಕೊಂಡೇ ನಿಲ್ಲಬೇಕಿತ್ತು. ಅಂಟಿಕೊಂಡರೆ ಫೌಲ್, ಫೌಲ್ ಆದರೆ ಫ್ರೀ ಥ್ರೋ. ಶಾಟ್ ಬೀಳದ ಹೊತ್ತಿನಲ್ಲೂ ಅದರ ಭಯ ಅಂಕ ತರುತ್ತಿತ್ತು.

ವಾರಿಯರ್ಸ್ ಕಥೆಯಲ್ಲೂ ಇಂಥದೇ ಒಳಸುಳಿ ಇದೆ. 2014–15ರಲ್ಲಿ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಅವರದು. ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ಗೆ 2–1ರಿಂದ ಹಿಂದಿದ್ದಾಗ ಕೋಚ್ ಸ್ಟೀವ್ ಕರ್ ಎತ್ತರದ ಆಂಡ್ರೂ ಬೋಗಟ್ ಬದಲು ಆಂಡ್ರೆ ಇಗ್ವೊಡಾಲಾ ಅವರನ್ನು ಆರಂಭದಿಂದಲೇ ಆಡಿಸಿದರು. ಮುಂದಿನ ಮೂರೂ ಪಂದ್ಯ ಗೆದ್ದರು. ಸರಣಿಶ್ರೇಷ್ಠ ಪ್ರಶಸ್ತಿ ಬಂದದ್ದು ಕರಿಗಲ್ಲ, ಇಗ್ವೊಡಾಲಾಗೆ. ಮರುವರ್ಷ 73 ಪಂದ್ಯ ಗೆದ್ದ ಅದೇ ತಂಡ ಫೈನಲ್‌ನ ಏಳನೇ ಪಂದ್ಯದ ಕೊನೆಯ ನಾಲ್ಕೂವರೆ ನಿಮಿಷ ಒಂದೂ ಅಂಕ ಗಳಿಸದೆ ಸೋತಿತು. ಅದನ್ನು ಮರೆಮಾಚಿ ಶೂಟರ್‌ಗಳ ಪರ ವಕಾಲತ್ತು ಮಾಡುವುದು ನ್ಯಾಯವಲ್ಲ.

ಬಾಸ್ಟನ್ ಸೆಲ್ಟಿಕ್ಸ್‌ನದು ಇನ್ನೂ ಹಸಿ ಗಾಯ. ಜೋ ಮಝುಲ್ಲಾ ಕೋಚ್ ಆಗಿರುವ ಈ ತಂಡ 2024ರಲ್ಲಿ ತ್ರೀಗಳ ಸುರಿಮಳೆಯಿಂದಲೇ ಚಾಂಪಿಯನ್ ಆಯಿತು. ಪ್ಲೇಆಫ್‌ನಲ್ಲಿ ಸೋತದ್ದು ಮೂರೇ ಪಂದ್ಯ. ಮುಂದಿನ ವರ್ಷ ನ್ಯೂಯಾರ್ಕ್ ನಿಕ್ಸ್ ವಿರುದ್ಧದ ಮೊದಲ ಪಂದ್ಯದಲ್ಲಿ 60 ತ್ರೀ ಎಸೆದು 45 ತಪ್ಪಿಸಿತು, ಪ್ಲೇಆಫ್‌ನಲ್ಲಿ ಹಿಂದೆಂದೂ ಯಾರೂ ಅಷ್ಟು ತಪ್ಪಿಸಿರಲಿಲ್ಲ. ಎರಡನೆಯದರಲ್ಲಿ 40ಕ್ಕೆ 10. ಎರಡರಲ್ಲೂ 20 ಅಂಕ ಮುಂದಿದ್ದು, ಎರಡನ್ನೂ ಸ್ವಂತ ಅಂಗಳದಲ್ಲಿ ಕಳೆದುಕೊಂಡಿತು. ನಾಲ್ಕನೇ ಪಂದ್ಯದಲ್ಲಿ ಜೇಸನ್ ಟೇಟಮ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಸರಣಿ 4–2ರಿಂದ ಹೋಯಿತು. ತಂಡ ಹೆಚ್ಚುಕಡಿಮೆ ಅದೇ, ತತ್ವವೂ ಅದೇ. ನನ್ನ ಕಣ್ಣಿಗೆ ಕಂಡ ವ್ಯತ್ಯಾಸ ಇಷ್ಟು: ಗೆದ್ದ ವರ್ಷ ಚೆಂಡು ಮೊದಲು ಒಳಗೆ ಹೋಗಿ, ಇಬ್ಬರು ಕಾವಲುಗಾರರನ್ನು ಎಳೆದುಕೊಂಡು ಹೊರಗೆ ಬರುತ್ತಿತ್ತು. ಸೋತ ಆ ಎರಡು ರಾತ್ರಿ ಮುನ್ನಡೆ ಕರಗುತ್ತಿದ್ದಾಗ ಯಾರೂ ಒಳಗೆ ಕಾಲಿಡಲಿಲ್ಲ. ಮೊದಲ ಪಾಸ್‌ಗೇ ಶಾಟ್ ಎಸೆದರು.

ಹಾಗಾಗಿ ಪ್ಲೇಆಫ್ ನೋಡುವಾಗ ನಾನು ಎಷ್ಟು ಶಾಟ್ ಬಿದ್ದವು ಎಂದು ಎಣಿಸುವುದಕ್ಕಿಂತ, ಶಾಟ್ ಹುಟ್ಟಿದ್ದು ಹೇಗೆ ಎಂಬುದನ್ನು ಗಮನಿಸುತ್ತೇನೆ. ಮೂರು ಪಾಸ್ ಆಗಿ, ಎದುರಾಳಿ ಅರ್ಧ ಹೆಜ್ಜೆ ತಡವಾಗಿ ಬಂದಾಗ ಎಸೆದ ಶಾಟ್ ತಪ್ಪಿದರೂ ನನಗೆ ಚಿಂತೆಯಿಲ್ಲ. ಅಂಥದ್ದು ಏಳು ಪಂದ್ಯಗಳಲ್ಲಿ ತನ್ನ ಪಾಲು ವಸೂಲು ಮಾಡಿಯೇ ಮಾಡುತ್ತದೆ. ಶಾಟ್ ತಪ್ಪಿದ ಕೂಡಲೇ ಐವರೂ ಹಿಂದಕ್ಕೆ ಓಡುತ್ತಾರೋ, ತಲೆ ತಗ್ಗಿಸಿ ನಡೆಯುತ್ತಾರೋ ಎಂಬುದನ್ನೂ ನೋಡುತ್ತೇನೆ. ಮೂರನೇ ಕ್ವಾರ್ಟರ್‌ನಲ್ಲಿ ಒಬ್ಬನ ಶಾಟ್ ಸತತ ಎರಡು ಸಲ ರಿಂಗ್‌ನ ಮುಂಭಾಗಕ್ಕೆ ಬಡಿದರೆ, ಅವನು ಎಷ್ಟೇ ದೊಡ್ಡ ಹೆಸರಾಗಿರಲಿ, ಕೋಚ್ ಅವನನ್ನು ನಾಲ್ಕು ನಿಮಿಷ ಕೂರಿಸಿ ಬೆಂಚಿನಲ್ಲಿರುವ ಟೆರಿಯಂಥವನನ್ನು ಎಬ್ಬಿಸಬೇಕು.